ಗೈರುಹಾಜರಿಗೆ ಎಷ್ಟು ಅಂಕ?

ನಾನು ಪಾಠ ಹೇಳುವುದು ಇತಿಹಾಸ. ಪಿಯುಸಿಗೆ ಬಂದ ದಿನವೇ ಗಣಿತದ ಕಾಟ ತಪ್ಪಿತೆಂದು ದೇವರಿಗೆ ಕೈಮುಗಿದವಳು. ಬಿ.ಎ., ಬಿ.ಎಡ್. ಮುಗಿಸಿ ಹೈಸ್ಕೂಲಿಗೆ ಸೇರಿದ ಮೇಲೆ ಗೊತ್ತಾಯಿತು, ಟೀಚರಾದವಳಿಗೆ ಲೆಕ್ಕದಿಂದ ಬಿಡುಗಡೆಯೇ ಇಲ್ಲವೆಂದು. ಹಾಜರಿ ಪುಸ್ತಕದ ಮೊತ್ತ, ಪ್ರವಾಸದ ಹಣ, ಅಂಕಗಳ ರಿಜಿಸ್ಟರು, ಶೇಕಡಾವಾರು ಫಲಿತಾಂಶ. ಅಶೋಕನ ಶಾಸನ ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ನಾನು ಕೂಡುವುದು ಕಳೆಯುವುದರಲ್ಲೇ ಕಳೆದಿದ್ದೇನೆ.

ಈಚೆಗೆ ಗೌರಿ ಹಬ್ಬಕ್ಕೆ ಮಗಳು ಬೆಂಗಳೂರಿನಿಂದ ಬಂದಿದ್ದಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ರಜೆಯೆಂದು ಬರುತ್ತಾಳೆ, ಆದರೆ ಆ ಲ್ಯಾಪ್‌ಟಾಪು ಬೆನ್ನು ಬಿಡುವುದಿಲ್ಲ. ನಾನು ಬಾಗಿನದ ಮೊರಗಳಿಗೆ ಅರಿಸಿನ ಹಚ್ಚಿ ಒಣಗಿಸುತ್ತಾ ಅವಳ ಪಕ್ಕದಲ್ಲೇ ಕೂತಿದ್ದೆ. ಪರದೆಯ ತುಂಬ ಅಂಕಿಗಳ ಉದ್ದುದ್ದ ಸಾಲು. ನಡುವೆ ಒಂದು ಕಡೆಯಿಂದ ಕೆಳಗೆಲ್ಲ ಅಂಕಿಯೇ ಇಲ್ಲ, ಇಂಗ್ಲಿಷಿನ ಮೂರು ಅಕ್ಷರ ಮಾತ್ರ: ಎನ್, ಎ, ಎನ್.

"ಇದೇನೇ, ಎಲ್ಲ ಕಡೆ 'ನಾನ್' 'ನಾನ್' ಅಂತ ಬರ್ಕೊಂಡಿದೀಯ?" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. "ನಾನ್ ಅಲ್ಲಮ್ಮ, ನ್ಯಾನ್. ನಾಟ್ ಎ ನಂಬರ್ ಅಂತ. ಲೆಕ್ಕ ಎಲ್ಲೋ ಕೆಟ್ಟಿದೆ, ಇಲ್ಲಿ ಸಂಖ್ಯೆ ಇಲ್ಲ ಅಂತ ಕಂಪ್ಯೂಟರ್ ಹೇಳ್ತಿದೆ. ಎಲ್ಲಿ ಕೆಟ್ಟಿತು ಅಂತ ನಿನ್ನೆಯಿಂದ ಹುಡುಕ್ತಾ ಇದೀನಿ."

"ಸಂಖ್ಯೆ ಇಲ್ಲದಿದ್ದರೆ ಸೊನ್ನೆ ಹಾಕಿದರಾಯಿತಪ್ಪ."

"ಅಯ್ಯೋ ಅಮ್ಮ! ಸೊನ್ನೆ ಒಂದು ಸಂಖ್ಯೆ. ಅದನ್ನ ಹಾಕಿದ್ರೆ ತಪ್ಪು ಉತ್ತರ ಸರಿ ಉತ್ತರದ ಥರಾನೇ ಕಾಣುತ್ತೆ. ಅದಕ್ಕಿಂತ ದೊಡ್ಡ ಮೋಸ ಇಲ್ಲ."

ನನ್ನ ಕೈಯ ಅರಿಸಿನ ಹಾಗೇ ಉಳಿಯಿತು. 1996ನೆಯ ಇಸವಿಯ ಒಂದು ಅಂಕಗಳ ರಿಜಿಸ್ಟರು, ಅದರ ಒಂದು ಪುಟ, ಆ ಪುಟದ ಒಂದು ಖಾಲಿ ಮನೆ ಕಣ್ಣೆದುರು ಬಂತು. ಆ ವಿಷಯ ಆಮೇಲೆ ಹೇಳುತ್ತೇನೆ. ಹಬ್ಬ ಮುಗಿದ ಮೇಲೂ ಈ 'ನಾನ್' ನನ್ನ ತಲೆ ಬಿಟ್ಟು ಹೋಗಲಿಲ್ಲ. ಇತಿಹಾಸದ ಟೀಚರಲ್ಲವೇ, ಯಾವ ಹೆಸರು ಕೇಳಿದರೂ ಅದರ ವಂಶಾವಳಿ ಹುಡುಕುವ ಚಾಳಿ. ಮಗಳನ್ನು ಪೀಡಿಸಿ, ಪುಸ್ತಕ ತರಿಸಿಕೊಂಡು, ಗಣಿತದ ಮೇಷ್ಟರನ್ನು ಸ್ಟಾಫ್ ರೂಮಿನಲ್ಲಿ ಕಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕವೆಂದು ಪುಟ ಮಗುಚಿಬಿಡಬೇಡಿ. ಇದರಲ್ಲಿ ನಮ್ಮ ಮಳಖೇಡವೂ ಬರುತ್ತದೆ.

ಸೊನ್ನೆಯನ್ನು ಬರಿಯ ಖಾಲಿ ಜಾಗದ ಗುರುತಾಗಿ ಬಿಡದೆ ಅದನ್ನೂ ಒಂದು ಸಂಖ್ಯೆಯೆಂದು ಹಿಡಿದು ಕೂಡಿ, ಕಳೆದು, ಗುಣಿಸುವ ನಿಯಮ ಬರೆದವನು ಬ್ರಹ್ಮಗುಪ್ತ. ಅವನ 'ಬ್ರಾಹ್ಮಸ್ಫುಟಸಿದ್ಧಾಂತ' ಕ್ರಿ.ಶ. 628ರದು. ಭಾಗಾಕಾರಕ್ಕೆ ಬಂದಾಗ ಅವನಿಗೂ ಮುಗ್ಗರಿಕೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದ. ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯನ್ನೇ ಕೆಳಗಿಟ್ಟುಕೊಂಡ ಭಿನ್ನರಾಶಿಯೆಂದು ಹೇಳಿ ಮುಂದೆ ಹೋದ.

ಇನ್ನೂರು ವರ್ಷಗಳ ಮೇಲೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ನೃಪತುಂಗನೆಂದರೆ ನಮಗೆ 'ಕವಿರಾಜಮಾರ್ಗ'. ಅವನ ಆಶ್ರಯದಲ್ಲಿ ಗಣಿತದ ಗ್ರಂಥವೂ ಹುಟ್ಟಿತೆಂದು ಎಷ್ಟು ಪಾಠಪುಸ್ತಕ ಹೇಳುತ್ತದೆ? ನಾನೇ ಇಪ್ಪತ್ತು ವರ್ಷ ಮಾನ್ಯಖೇಟದ ಪಾಠ ಮಾಡಿ ಈ ಮಾತು ಆಡಿರಲಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡವೇ ಅಂದಿನ ಆ ರಾಜಧಾನಿ. ಈ ಗ್ರಂಥವನ್ನು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಹೊರಗಿನ ಲೋಕಕ್ಕೆ ಅದರ ಪರಿಚಯವಾಯಿತು. ಮಹಾವೀರಾಚಾರ್ಯ ಹೇಳಿದ್ದು: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದ ಹಾಗೇ ಇರುತ್ತದೆ. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ. ನನಗೇನೋ ಅದರಲ್ಲಿ ಒಂದು ಮನೆಮಾತಿನ ನ್ಯಾಯ ಕಾಣುತ್ತದೆ. ಬುಟ್ಟಿಯಲ್ಲಿ ಹನ್ನೆರಡು ಬಾಳೆಹಣ್ಣಿದೆ, ಹಂಚಿಕೊಳ್ಳಲು ಯಾರೂ ಬರಲಿಲ್ಲ. ಹಣ್ಣು ಬುಟ್ಟಿಯಲ್ಲೇ ಉಳಿಯಿತು. ಅಜ್ಜಿಯಾಗಿದ್ದರೆ ಇದನ್ನೇ ಹೇಳುತ್ತಿದ್ದಳು.

ಎರಡನೆಯ ಭಾಸ್ಕರಾಚಾರ್ಯ 1114ರಲ್ಲಿ ಹುಟ್ಟಿದವನು. ಅವನ ಊರು ನಮ್ಮ ವಿಜಯಪುರವೋ ಮಹಾರಾಷ್ಟ್ರದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದು ಹಾಗಿರಲಿ. 'ಬೀಜಗಣಿತ'ದಲ್ಲಿ ಅವನು ಸೊನ್ನೆಯಿಂದ ಭಾಗಿಸಿದ ರಾಶಿಗೆ 'ಖಹರ'ವೆಂದು ಹೆಸರಿಟ್ಟ. ಅದಕ್ಕೆ ಎಷ್ಟು ಕೂಡಿಸಿದರೂ ಬೆಳೆಯದು, ಎಷ್ಟು ಕಳೆದರೂ ಕುಗ್ಗದು. ಪ್ರಳಯದಲ್ಲಿ ಜೀವರಾಶಿಯೆಲ್ಲ ಸೇರಿದರೂ, ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನಲ್ಲಿ ಬದಲಾವಣೆಯಿಲ್ಲದಂತೆ ಇದು ಎಂದ. ಮಗಳಿಗೆ ಇದನ್ನು ಹೇಳಿದಾಗ ಅವಳು ಕಣ್ಣರಳಿಸಿದಳು. ಇವತ್ತಿನ ಕಂಪ್ಯೂಟರಿನಲ್ಲಿ ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಬರುವ 'ಅನಂತ'ದ ನಿಯಮವೂ ಇದೇ ಅಂತೆ. ಅನಂತಕ್ಕೆ ಹತ್ತು ಕೂಡಿಸಿದರೂ ಅನಂತ, ಕೋಟಿ ಕಳೆದರೂ ಅನಂತ. ಆದರೆ ಅನಂತದಿಂದ ಅನಂತವನ್ನೇ ಕಳೆದರೆ? ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ? ಮೈನಸ್ ಒಂದರ ವರ್ಗಮೂಲ ಕೇಳಿದರೆ? ಆಗ ಬರುವುದೇ ಈ ನ್ಯಾನ್. ಕನ್ನಡದಲ್ಲಿ 'ಅಸಂಖ್ಯ' ಎನ್ನೋಣವೆಂದರೆ ಆ ಮಾತಿಗೆ ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಎಂಬ ಅರ್ಥ ಆಗಲೇ ಕೂತಿದೆ. ನ್ಯಾನ್ ಎಂದೇ ಇರಲಿ.

ಕಂಪ್ಯೂಟರು ಇಂಥ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಬಗೆಗೆ ಫ್ಲೋಟಿಂಗ್ ಪಾಯಿಂಟ್ ಎನ್ನುತ್ತಾರೆ. ತೇಲುವ ಬಿಂದು. ಮಕ್ಕಳು ವಿಜ್ಞಾನದಲ್ಲಿ ಸೂರ್ಯನ ದೂರವನ್ನು ಹದಿನೈದು ಕೋಟಿ ಕಿಲೋಮೀಟರ್ ಎಂದು ಸೊನ್ನೆ ಸುರಿಯದೆ 1.5ರ ಪಕ್ಕದಲ್ಲಿ ಹತ್ತರ ಘಾತ ಎಂಟು ಎಂದು ಬರೆಯುವುದಿಲ್ಲವೇ, ಅದೇ ರೀತಿ. ಅಂಕಿಗಳು ಒಂದು ಕಡೆ, ಬಿಂದು ಎಷ್ಟು ಮನೆ ಸರಿಯಬೇಕೆಂಬ ಘಾತ ಇನ್ನೊಂದು ಕಡೆ. ಇದನ್ನು ಯಂತ್ರದಲ್ಲಿ ಮಾಡಿ ತೋರಿಸಿದವನು ಜರ್ಮನಿಯ ಕೊನ್ರಾಡ್ ತ್ಸೂಸೆ. ಇಂಜಿನಿಯರು. ಕೈಲೆಕ್ಕ ಮಾಡಿ ಮಾಡಿ ಬೇಸತ್ತು, ಬರ್ಲಿನ್ನಿನಲ್ಲಿ ತಂದೆತಾಯಿಯ ಮನೆಯ ನಡುಮನೆಯಲ್ಲೇ ತನ್ನ ಮೊದಲ ಯಂತ್ರ ಕಟ್ಟಿದ. ಅದು ಮುಗಿದದ್ದು 1938ರಲ್ಲಿ. ಆ ತಾಯಿಯ ಸಹನೆಯ ಬಗ್ಗೆ ಯಾವ ಇತಿಹಾಸಕಾರನೂ ಬರೆದದ್ದು ನಾನು ನೋಡಿಲ್ಲ. ಅಡಿಗೆಮನೆಯಿಂದ ಜಗಲಿಗೆ ಹೋಗಲು ಆಕೆ ಎಷ್ಟು ದಿನ ಕಬ್ಬಿಣದ ತಗಡು ದಾಟಿರಬೇಕು! 1941ರಲ್ಲಿ ಅವನು ಮುಗಿಸಿದ 'ತ್ಸೆಟ್ 3' ಎಂಬ ಯಂತ್ರ ಆಗಲೇ ಅನಂತವನ್ನು ಗುರುತಿಸುತ್ತಿತ್ತು. ಸೊನ್ನೆಯಿಂದ ಸೊನ್ನೆ ಭಾಗಿಸುವಂಥ ಅರ್ಥವಿಲ್ಲದ ಲೆಕ್ಕ ಬಂದರೆ ಸುಳ್ಳು ಉತ್ತರ ಕೊಡದೆ ನಿಂತುಬಿಡುತ್ತಿತ್ತು. 1943ರಲ್ಲಿ ಬಾಂಬು ಬಿದ್ದು ಆ ಯಂತ್ರ ನಾಶವಾಯಿತು. 1964ರಲ್ಲಿ ಅಮೆರಿಕದ ಸೀಮೋರ್ ಕ್ರೇ ರೂಪಿಸಿದ ಸಿಡಿಸಿ 6600 ಎಂಬ ದೊಡ್ಡ ಕಂಪ್ಯೂಟರಿನಲ್ಲೂ 'ಅನಂತ', 'ಅನಿಶ್ಚಿತ' ಎಂಬ ಎರಡು ಗುರುತುಗಳಿದ್ದವು.

ಆದರೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಹಿಂದೆ ಊರಿಗೊಂದು ಸೇರು, ಊರಿಗೊಂದು ಕೊಳಗ ಇದ್ದ ಹಾಗೆ. ಒಂದು ಕಂಪನಿಯ ಯಂತ್ರದಲ್ಲಿ ಬಂದ ಉತ್ತರ ಇನ್ನೊಂದರಲ್ಲಿ ಬರುತ್ತಿರಲಿಲ್ಲ. ಕೆಲವು ಯಂತ್ರಗಳಲ್ಲಿ ಹೋಲಿಸಿ ನೋಡಿದರೆ ಸೊನ್ನೆಯಲ್ಲ, ಭಾಗಿಸಲು ಹೋದರೆ ಸೊನ್ನೆ ಎನ್ನಿಸುವ ವಿಚಿತ್ರ ಸಂಖ್ಯೆಗಳಿದ್ದವು. ಅದಕ್ಕೆ ಪ್ರೋಗ್ರಾಂ ಬರೆಯುವವರು ಮೊದಲು ಒಂದರಿಂದ ಗುಣಿಸಿ, ಆಮೇಲೆ ಸೊನ್ನೆಯೇ ಅಂತ ನೋಡಿ, ಆಮೇಲೆ ಭಾಗಿಸುತ್ತಿದ್ದರು. ಬೇರೆ ಕೆಲವು ಯಂತ್ರಗಳಲ್ಲಿ ಒಂದರಿಂದ ಗುಣಿಸುವುದೇ ಅಪಾಯ, ಸಂಖ್ಯೆ ಉಕ್ಕಿ ಪಾತ್ರೆಯ ಹೊರಗೆ ಚೆಲ್ಲುತ್ತಿತ್ತು! ಒಂದರಿಂದ ಗುಣಿಸಿದರೆ ಬದಲಾಗುವುದಿಲ್ಲವೆಂದು ಮೂರನೆಯ ಕ್ಲಾಸಿನ ಮಗು ಹೇಳುತ್ತದೆ.

ಈ ಗೊಂದಲವನ್ನು ತಿದ್ದಲು ಹಟ ಹಿಡಿದವರು ವಿಲಿಯಂ ಕಹಾನ್. ಕೆನಡಾದ ಟೊರಾಂಟೊದಲ್ಲಿ 1933ರಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದವರು. ಇಂಟೆಲ್ ಕಂಪನಿ 1976ರ ಸುಮಾರಿಗೆ ಲೆಕ್ಕಕ್ಕೆಂದೇ ಒಂದು ಪ್ರತ್ಯೇಕ ಚಿಪ್ಪು ಮಾಡಲು ಹೊರಟಾಗ, ಅಲ್ಲಿನ ಜಾನ್ ಪಾಮರ್ ಇವರನ್ನು ಸಲಹೆಗೆ ಕರೆದರು. ಸುದ್ದಿ ಹಬ್ಬಿ ಉಳಿದ ಕಂಪನಿಗಳೂ ಕಿವಿ ನಿಮಿರಿಸಿದವು. 1977ರ ನವೆಂಬರಿನಿಂದ ಎಲ್ಲರೂ ಒಂದೆಡೆ ಕೂತು ಚರ್ಚಿಸತೊಡಗಿದರು. ಕಹಾನ್, ಅವರ ವಿದ್ಯಾರ್ಥಿ ಜೆರೋಮ್ ಕೂನೆನ್, ಅತಿಥಿ ಪ್ರಾಧ್ಯಾಪಕ ಹೆರಾಲ್ಡ್ ಸ್ಟೋನ್ ಸೇರಿ ಕರಡು ತಯಾರಿಸಿದರು. ಜಗಳವೂ ಕಡಮೆಯೇನಲ್ಲ. ಡಿಇಸಿ ಎಂಬ ದೊಡ್ಡ ಕಂಪನಿಗೆ ತನ್ನ ಪದ್ಧತಿಯೇ ಗೆಲ್ಲಬೇಕೆಂಬ ಆಸೆ. ಮುಖ್ಯ ತಕರಾರು ತೀರ ಸಣ್ಣ ಸಂಖ್ಯೆಗಳ ಬಗ್ಗೆ. ಎರಡು ಸಂಖ್ಯೆಗಳು ಬೇರೆಬೇರೆಯಾಗಿದ್ದರೆ ಅವುಗಳ ವ್ಯತ್ಯಾಸ ಎಷ್ಟೇ ಸಣ್ಣದಿರಲಿ, ಸೊನ್ನೆಯೆಂದು ಅಳಿಸಿಹಾಕಬಾರದು ಎಂಬುದು ಕಹಾನ್ ಪಕ್ಷ. ಅಷ್ಟು ಸೂಕ್ಷ್ಮ ಯಾರಿಗೆ ಬೇಕು ಎಂಬುದು ಎದುರು ಪಕ್ಷ. ತಮ್ಮ ಮಾತು ಗೆಲ್ಲುತ್ತದೆಂದು ಡಿಇಸಿಯವರು ಹೆಸರಾಂತ ತಜ್ಞ ಜಿ. ಡಬ್ಲ್ಯೂ. ಸ್ಟೂವರ್ಟ್ ಅವರಿಂದ ವರದಿ ಬರೆಸಿದರು. 1981ರಲ್ಲಿ ಬೋಸ್ಟನ್ನಿನ ಸಭೆಯಲ್ಲಿ ಆತ ಎದ್ದು ನಿಂತು, ಎಲ್ಲ ನೋಡಿದರೆ ಕಹಾನ್ ಪಕ್ಷವೇ ಸರಿ ಎಂದುಬಿಟ್ಟರು. ಸಂಬಳ ಕೊಟ್ಟವರ ಮುಂದೆ ನಿಂತು ಹಾಗೆ ಹೇಳುವುದು ಸಣ್ಣ ಮಾತಲ್ಲ. ಇಂಟೆಲ್ಲಿನ 8087 ಎಂಬ ಚಿಪ್ಪು ಅಷ್ಟರಲ್ಲಿ, 1980ರಲ್ಲೇ, ಹೊರಗೆ ಬಂದಿತ್ತು. 1985ರಲ್ಲಿ ಐಇಇಇ 754 ಎಂಬ ಹೆಸರಿನಲ್ಲಿ ಆ ನಿಯಮಾವಳಿ ಸ್ಥಿರವಾಯಿತು. 1989ರಲ್ಲಿ ಕಹಾನ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 2008ರಲ್ಲೂ 2019ರಲ್ಲೂ ತಿದ್ದುಪಡಿಯಾದ ಅದೇ ನಿಯಮ ಇವತ್ತು ನಿಮ್ಮ ಕೈಯ ಮೊಬೈಲಿನ ಒಳಗೂ ಇದೆ.

ಆ ನಿಯಮದಲ್ಲಿ ಒಂದು ಸಂಖ್ಯೆಗೆ 64 ಮನೆ. ಮೊದಲನೆಯದು ಕೂಡಿಸುವುದೋ ಕಳೆಯುವುದೋ ಎಂಬ ಚಿಹ್ನೆ. ಆಮೇಲಿನ 11 ಘಾತಕ್ಕೆ, ಉಳಿದ 52 ಅಂಕಿಗಳಿಗೆ. ಎಲ್ಲ ಮನೆಯಲ್ಲೂ ಒಂದು ಇಲ್ಲವೇ ಸೊನ್ನೆ. ಘಾತದ ಹನ್ನೊಂದು ಮನೆಗಳಲ್ಲೂ ಒಂದೇ ತುಂಬಿದ್ದರೆ ಎಚ್ಚರಿಕೆಯೆಂದು ತಿಳಿಯಬೇಕು, ಅದು ಸಾಮಾನ್ಯ ಸಂಖ್ಯೆಯಲ್ಲ. ಆಗ ಉಳಿದ 52 ಮನೆ ಪೂರ್ತಿ ಸೊನ್ನೆಯಿದ್ದರೆ ಅನಂತ. ಅಲ್ಲಿ ಎಲ್ಲಾದರೂ ಒಂದೇ ಒಂದು ಒಂದಿದ್ದರೆ ನ್ಯಾನ್.

ನ್ಯಾನ್‌ನ ಸ್ವಭಾವ ಹಾಲಿಗೆ ಬಿದ್ದ ಹುಳಿಯದು. ಅದಕ್ಕೆ ಯಾವ ಒಳ್ಳೆಯ ಸಂಖ್ಯೆ ಕೂಡಿಸಿದರೂ ನ್ಯಾನ್, ಗುಣಿಸಿದರೂ ನ್ಯಾನ್. ಒಂದು ತೊಟ್ಟು ಬಿದ್ದರೆ ಪಾತ್ರೆಯ ಹಾಲೆಲ್ಲ ಒಡೆಯುತ್ತದೆ. ಮಗಳ ಪರದೆಯಲ್ಲಿ ಒಂದು ಸಾಲಿನಿಂದ ಕೆಳಗೆಲ್ಲ ಅದೇ ತುಂಬಿದ್ದು ಇದಕ್ಕೇ. ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. ನಡುವೆ ಲೆಕ್ಕ ಕೆಟ್ಟಿದ್ದು ಕೊನೆಯ ಉತ್ತರದಲ್ಲೂ ಕಾಣಲಿ ಎಂದು. ಒಡೆದ ಹಾಲು ಕಣ್ಣಿಗೆ ಕಾಣುತ್ತದೆ, ಚೆಲ್ಲಬಹುದು. ಒಡೆಯದೆ ಕೆಟ್ಟ ಹಾಲನ್ನು ಮಗುವಿಗೆ ಕುಡಿಸಿಬಿಡುತ್ತೇವೆ.

ಇದನ್ನು ಹಿಡಿಯುವುದು ಹೇಗೆ? ಇಲ್ಲಿರುವ ಜಾಣತನ ನನಗೆ ಬಹಳ ಹಿಡಿಸಿತು. ನ್ಯಾನ್ ಯಾವುದಕ್ಕೂ ಸಮನಲ್ಲ, ಕಡೆಗೆ ತನಗೆ ತಾನೂ ಸಮನಲ್ಲ! "ನೀನು ನಿನಗೆ ಸಮವೇ?" ಎಂದು ಕೇಳಿದರೆ ಎಲ್ಲ ಸಂಖ್ಯೆಯೂ ಹೌದೆನ್ನುತ್ತದೆ, ಇದೊಂದು ಅಲ್ಲವೆನ್ನುತ್ತದೆ. ಅಲ್ಲಿಗೆ ಸಿಕ್ಕಿಬಿತ್ತು. 'ನಾನು' ನನಗೇ ಸಮನಲ್ಲ ಎಂದರೆ ನಮ್ಮ ಕನಕದಾಸರು ನಕ್ಕು ತಲೆಯಾಡಿಸುತ್ತಿದ್ದರೇನೋ. ವೇದಾಂತವೆನ್ನಿಸಿದರೂ ಕಾರಣ ವ್ಯವಹಾರದ್ದೇ. ಪರೀಕ್ಷೆಗೆ ಇಬ್ಬರು ಹುಡುಗಿಯರು ಬಂದಿಲ್ಲ ಎಂದುಕೊಳ್ಳಿ. ಇಬ್ಬರ ಅಂಕ ಸಮವೆಂದು ಹೇಳಲು ಬರುತ್ತದೆಯೇ? ಇಬ್ಬರದೂ ಗೊತ್ತಿಲ್ಲ, ಅಷ್ಟೆ. ಇನ್ನೊಂದು ಕಾರಣವೆಂದರೆ, ನಿಯಮ ರೂಪುಗೊಂಡಾಗ ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಇದನ್ನು ಪತ್ತೆ ಮಾಡುವ ಮಾತೇ ಇರಲಿಲ್ಲ. ಸಿ ಎಂಬ ಭಾಷೆಯ ನಿಯಮಕ್ಕೆ 'ಇಸ್‌ನ್ಯಾನ್' ಎಂಬ ಮಾತು ಸೇರಿದ್ದು 1999ರಲ್ಲಿ. ಅಲ್ಲಿಯತನಕ ಕಾಯುವವರಾರು? ಹೋಲಿಸುವುದು ಎಲ್ಲ ಭಾಷೆಗೂ ಬರುತ್ತಿತ್ತಾದ್ದರಿಂದ ಆ ಒಂದು ಪ್ರಶ್ನೆಯೇ ಸಾಕಾಯಿತು.

ಆದರೆ ಕೇಳದೆ ಹೋದರೆ ಮಾತ್ರ ಮೋಸ. ನ್ಯಾನ್‌ಗೆ ಯಾವುದಕ್ಕಿಂತ ಹೆಚ್ಚೋ ಕಡಮೆಯೋ ಎಂದರೂ ಉತ್ತರ 'ಅಲ್ಲ'. ಮಗಳು ನನಗೆ ತಿಳಿಯುವ ಉದಾಹರಣೆಯನ್ನೇ ಕೊಟ್ಟಳು. "ಅಂಕ 35ಕ್ಕಿಂತ ಕಡಮೆಯಿದ್ದರೆ ಫೇಲು, ಇಲ್ಲದಿದ್ದರೆ ಪಾಸು" ಎಂದು ಪ್ರೋಗ್ರಾಂ ಬರೆದಿಟ್ಟರೆ, ಅಂಕದ ಜಾಗದಲ್ಲಿ ನ್ಯಾನ್ ಇರುವ ಹುಡುಗಿ 35ಕ್ಕಿಂತ ಕಡಮೆಯಲ್ಲ, ಪಾಸಾದಳು! ಅದನ್ನೇ ತಿರುಗಿಸಿ "35 ಅಥವಾ ಹೆಚ್ಚಿದ್ದರೆ ಪಾಸು, ಇಲ್ಲದಿದ್ದರೆ ಫೇಲು" ಎಂದರೆ ಅದೇ ಹುಡುಗಿ ಫೇಲು. ನಮಗೆ ಎರಡು ವಾಕ್ಯವೂ ಒಂದೇ. ಪರೀಕ್ಷೆಯನ್ನೇ ಬರೆಯದ ಮಗುವಿನ ಹಣೆಬರಹ ಟೀಚರು ವಾಕ್ಯ ಜೋಡಿಸಿದ ಕ್ರಮದ ಮೇಲೆ ನಿಂತಿತು. ಇದನ್ನು ಕೇಳಿದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಮಾತಿಗೆ ತಿರುಗಿಸುವುದು ಕಂಪೈಲರ್ ಎಂಬ ಸಾಧನ. ಜಿಸಿಸಿ ಎಂಬ ಹೆಸರುವಾಸಿ ಕಂಪೈಲರಿನಲ್ಲಿ ಲೆಕ್ಕ ಬೇಗ ಮುಗಿಯಲೆಂದು 'ಫಾಸ್ಟ್ ಮ್ಯಾಥ್' ಎಂಬ ಒಂದು ಆಜ್ಞೆಯಿದೆ. ಅದನ್ನು ಕೊಟ್ಟರೆ ಕಂಪೈಲರು ಇಲ್ಲಿ ನ್ಯಾನ್ ಬರುವುದೇ ಇಲ್ಲವೆಂದು ನಂಬಿಕೊಳ್ಳುತ್ತದೆ. "ಸಂಖ್ಯೆ ತನಗೆ ತಾನು ಸಮವೇ ಎಂದು ಕೇಳುತ್ತಾನಲ್ಲ, ಎಂಥ ದಡ್ಡ ಪ್ರಶ್ನೆ!" ಎಂದು ಆ ಪ್ರಶ್ನೆಯನ್ನೇ ಹೊಡೆದುಹಾಕಿಬಿಡುತ್ತದೆ. ಹಾವು ಬರುವುದಿಲ್ಲವೆಂದು ನಂಬಿ ದೀಪ ಆರಿಸಿದ ಹಾಗೆ. ಮಗಳ ತೊಂದರೆ ಅದೇ ಆಗಿತ್ತಂತೆ. ಕಾವಲಿಗೆ ಅವಳು ಹಾಕಿದ್ದ ಪ್ರಶ್ನೆ ಯಂತ್ರದವರೆಗೆ ಹೋಗಿಯೇ ಇರಲಿಲ್ಲ. ಆ ಆಜ್ಞೆ ತೆಗೆದಮೇಲೆ ಕಳ್ಳ ಒಂದು ಭಾಗಾಕಾರದ ಬಳಿ ಸಿಕ್ಕಿಬಿದ್ದ. ಅಷ್ಟು ಹೊತ್ತಿಗೆ ಹಬ್ಬದ ಒಬ್ಬಟ್ಟು ಆರಿ ತಣ್ಣಗಾಗಿತ್ತು.

ಇದೆಲ್ಲ ಯಂತ್ರದವರ ಗೋಳು, ನಮಗೇನು ಎನ್ನಬೇಡಿ. 1997ರ ಸೆಪ್ಟೆಂಬರ್ 21ರಂದು ಅಮೆರಿಕದ ವರ್ಜೀನಿಯಾ ತೀರದಾಚೆ 'ಯಾರ್ಕ್‌ಟೌನ್' ಎಂಬ ಯುದ್ಧನೌಕೆ ಸಮುದ್ರದ ಮಧ್ಯೆ ಎರಡೂಮುಕ್ಕಾಲು ಗಂಟೆ ಚಾಲನೆಯಿಲ್ಲದೆ ನಿಂತಿತು. ಸಿಬ್ಬಂದಿಯೊಬ್ಬ ಕಂಪ್ಯೂಟರಿನ ಒಂದು ಮನೆಗೆ ಸೊನ್ನೆ ತುಂಬಿದ್ದ. ಅದರಿಂದ ಯಾವುದನ್ನೋ ಭಾಗಿಸಲು ಹೋಗಿ ವ್ಯವಸ್ಥೆಯೆಲ್ಲ ಕುಸಿಯಿತು.

ಅದಕ್ಕೂ ಒಂದು ವರ್ಷ ಮೊದಲಿನದು ಏರಿಯಾನ್ 5ರ ಕಥೆ. 1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರೂ ಎಂಬಲ್ಲಿಂದ ಯುರೋಪಿನವರ ಹೊಸ ರಾಕೆಟ್ಟು ನಾಲ್ಕು ಉಪಗ್ರಹ ಹೊತ್ತು ಮೊದಲ ಬಾರಿಗೆ ಹಾರಿತು. ಸುಮಾರು ನಲವತ್ತು ಸೆಕೆಂಡಿನಲ್ಲಿ ಬಾನಿನಲ್ಲೇ ಚೂರಾಯಿತು. ಒಳಗಿದ್ದ ಒಂದು ಉಪಕರಣ 64 ಮನೆಯ ತೇಲುಬಿಂದು ಸಂಖ್ಯೆಯನ್ನು 16 ಮನೆಯ ಪೂರ್ಣಾಂಕಕ್ಕೆ ಇಳಿಸಲು ಹೋಯಿತು. ಆ ಪಾತ್ರೆಯಲ್ಲಿ 32,767ಕ್ಕಿಂತ ದೊಡ್ಡದು ಹಿಡಿಯದು. ಹಳೆಯ ಏರಿಯಾನ್ 4ರಲ್ಲಿ ಅಷ್ಟು ದೊಡ್ಡದು ಬರುತ್ತಲೇ ಇರಲಿಲ್ಲ, ಹೊಸದಕ್ಕೆ ವೇಗ ಜಾಸ್ತಿ. ಇನ್ನೂ ಕಹಿಯೆಂದರೆ, ಆ ಲೆಕ್ಕ ರಾಕೆಟ್ಟು ನೆಲ ಬಿಟ್ಟ ಮೇಲೆ ಬೇಕಾಗಿರಲೇ ಇಲ್ಲ. ಹಳೆಯದರಲ್ಲಿ ಇತ್ತೆಂದು ಉಳಿಸಿಕೊಂಡಿದ್ದರು. ಒಂದು ಕೆಟ್ಟರೆ ಇನ್ನೊಂದಿರಲೆಂದು ಇಟ್ಟಿದ್ದ ಎರಡನೆಯ ಉಪಕರಣದಲ್ಲೂ ಅದೇ ಪ್ರೋಗ್ರಾಂ, ಅದೂ ಹಾಗೇ ಕೆಟ್ಟಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಂಗತಿ. ಕೆಟ್ಟ ಉಪಕರಣ ಸುಮ್ಮನಿರಲಿಲ್ಲ. ನಾನು ಕೆಟ್ಟಿದ್ದೇನೆ ಎಂಬ ವರದಿಯನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿತು. ಮುಖ್ಯ ಕಂಪ್ಯೂಟರು ಆ ವರದಿಯ ಅಂಕಿಗಳನ್ನೇ ಹಾರಾಟದ ಅಳತೆಯೆಂದು ಓದಿಕೊಂಡು, ರಾಕೆಟ್ಟು ಓರೆಯಾಗಿದೆಯೆಂದು ಭ್ರಮಿಸಿ, ನೆಟ್ಟಗೆ ಹೋಗುತ್ತಿದ್ದದ್ದನ್ನು ತಿರುಗಿಸಲು ಹೋಯಿತು. "ನನಗೆ ಗೊತ್ತಿಲ್ಲ" ಎಂದದ್ದು ಅದಕ್ಕೆ ಉತ್ತರವಾಗಿ ಕೇಳಿಸಿತು.

1996ರ ಜೂನ್ 4ರಂದು ನಾನು ಶಾಲೆಯಲ್ಲಿ ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಹೊಡೆಯುತ್ತಿದ್ದೆನೋ ಏನೋ. ಆ ವರ್ಷ ಎಂಟನೆಯ ತರಗತಿಗೆ ನಾನೇ ಕ್ಲಾಸ್ ಟೀಚರು. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಸಮಯದಲ್ಲಿ ಒಬ್ಬ ಹುಡುಗಿಗೆ ಮೈಮೇಲೆ ಅಮ್ಮ ಎದ್ದು, ಕೊನೆಯ ದಿನದ ಗಣಿತದ ಪರೀಕ್ಷೆಗೆ ಬರಲಿಲ್ಲ. ಉಳಿದ ಐದು ವಿಷಯ ಬರೆದಿದ್ದಳು, ಒಟ್ಟು 372 ಅಂಕ. ರಿಜಿಸ್ಟರಿನಲ್ಲಿ ಗಣಿತದ ಮನೆ ಖಾಲಿ ಬಿಟ್ಟರೆ ಮೊತ್ತ ಹಾಕಲು ತೊಡಕು. ನಾನು ಅಲ್ಲೊಂದು ಸೊನ್ನೆ ಬರೆದೆ. ಯಾರೂ ಹೇಳಲಿಲ್ಲ, ನನಗೆ ನಾನೇ ಬರೆದೆ. ಕಾಲಂ ಭರ್ತಿಯಾಯಿತೆಂಬ ಸಮಾಧಾನದಿಂದ ಅಂದವಾಗಿಯೇ ಬರೆದೆ.

ಆ ವರ್ಷ ಊರಿನ ದಾನಿಯೊಬ್ಬರು ಹೆಣ್ಣುಮಕ್ಕಳ ಓದಿಗೆ ನೆರವು ಕೊಡುತ್ತೇವೆಂದು ಮುಂದೆ ಬಂದಿದ್ದರು. ಸರಾಸರಿ 65 ಇದ್ದವರ ಪಟ್ಟಿ ಕೇಳಿದರು. 372ನ್ನು ಆರರಿಂದ ಭಾಗಿಸಿದರೆ 62. ಬರೆದ ಐದು ಪರೀಕ್ಷೆಯಿಂದ ಭಾಗಿಸಿದ್ದರೆ 74ರ ಮೇಲೆ. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಪಟ್ಟಿ ಹೋದ ವಾರದ ಮೇಲೆ ನನಗೆ ಹೊಳೆಯಿತು. ಹೆಡ್‌ಮಾಸ್ಟರ ಕೋಣೆಯ ಬಾಗಿಲತನಕ ಹೋಗಿ ವಾಪಸು ಬಂದೆ. ಹೊಸಬಳು, ಕಳಿಸಿದ ಪಟ್ಟಿ ತಿದ್ದಿಸಿ ಎಂದು ಹೇಗೆ ಹೇಳಲಿ ಎಂಬ ಅಳುಕು. ಬಾಯಿ ಬಿಡಲಿಲ್ಲ. ಮಾರನೆಯ ವರ್ಷ ಒಂಬತ್ತನೆಯ ತರಗತಿಯ ನಡುವೆಯೇ ಅವಳ ತಂದೆ ಅವಳನ್ನು ಶಾಲೆ ಬಿಡಿಸಿದರು. ಮನೆಯಲ್ಲಿ ಬೇರೆ ಕಷ್ಟಗಳೂ ಇದ್ದವು. ನನ್ನ ಸೊನ್ನೆಯೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಮಗಳು ಇನ್ನೊಂದು ಮಾತು ಹೇಳಿದಳು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಐಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು 1990ರ ದಶಕದಲ್ಲಿ ಅಂಕಿಅಂಶದ ಕೆಲಸಕ್ಕೆಂದೇ 'ಆರ್' ಎಂಬ ಭಾಷೆ ಮಾಡಿದರು. ಅದರಲ್ಲಿ ಲೆಕ್ಕ ಕೆಟ್ಟದ್ದಕ್ಕೆ ಒಂದು ಗುರುತು, ಮಾಹಿತಿಯೇ ಬಾರದೆ ಇರುವುದಕ್ಕೆ ಬೇರೆ ಗುರುತು. ಆ ಬೇರೆ ಗುರುತೂ ಒಳಗೆ ಒಂದು ನ್ಯಾನ್ ಅಂತೆ. ಹನ್ನೊಂದು ಮನೆಯಲ್ಲಿ ಒಂದು ತುಂಬಿ, ಉಳಿದ 52 ಮನೆಗಳ ಮೂಲೆಯಲ್ಲಿ 1954 ಎಂಬ ಸಂಖ್ಯೆಯನ್ನು ಅಡಗಿಸಿಟ್ಟಿದ್ದಾರೆ. ಅದು ಐಹಾಕಾ ಹುಟ್ಟಿದ ವರ್ಷ. ಬಾರದ ಹುಡುಗಿ ಬಾರದವಳಾಗಿಯೇ ಉಳಿಯಲೆಂದು ಅವಳ ಹೆಸರಿನ ಮುಂದೆ ಇಡಲು ಒಬ್ಬ ಮೇಷ್ಟರು ತನ್ನ ಹುಟ್ಟಿದ ವರ್ಷವನ್ನೇ ಕೊಟ್ಟನೆಂದು ನಾನು ಅಂದುಕೊಂಡೆ. ನನ್ನ ಬಳಿ ಇದ್ದದ್ದು ಒಂದು ಕೆಂಪು ಮಸಿಯ ಪೆನ್ನು. 'ಗೈರು' ಎಂಬ ಎರಡಕ್ಷರ ಬರೆಯಲು ಅದರಲ್ಲಿ ಮಸಿ ಬೇಕಾದಷ್ಟಿತ್ತು.

ಆ ಹುಡುಗಿಗೆ ಈಗ ನಲವತ್ತು ದಾಟಿದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಮೂರು ವರ್ಷದ ಹಿಂದೆ ಮೊದಲ ಸಲ ಅಲ್ಲಿ ಹೋದಾಗ ನನ್ನನ್ನು ಗುರುತು ಹಿಡಿದು ಕುರ್ಚಿ ಕೊಟ್ಟಳು. ಅರ್ಧ ಇಂಚು, ಕಾಲು ಇಂಚಿನ ಲೆಕ್ಕ ಬಾಯಲ್ಲೇ ಮಾಡಿ ಬಟ್ಟೆ ಕತ್ತರಿಸುತ್ತಿದ್ದಳು. ಹಣದ ಲೆಕ್ಕಕ್ಕೆ ಮಾತ್ರ ಮಗಳನ್ನು ಕರೆದಳು. "ನಂಗೆ ಲೆಕ್ಕ ತಲೆಗೇ ಹತ್ತಲ್ಲ ಮಿಸ್. ಎಂಟನೇ ಕ್ಲಾಸಲ್ಲಿ ಸೊನ್ನೆ ಬಂದಿತ್ತಲ್ಲ, ನೀವೇ ಪ್ರೋಗ್ರೆಸ್ ಕಾರ್ಡ್ ಕೊಟ್ರಿ" ಎಂದು ನಗುತ್ತಲೇ ಹೇಳಿದಳು. ಆ ದಿನವೂ ನಾನು ಬಾಯಿ ಬಿಡಲಿಲ್ಲ.

ಈ ಸಲ ಹಬ್ಬ ಮುಗಿದ ಮೇಲೆ ಬಾಗಿನದಲ್ಲಿ ಬಂದ ಬ್ಲೌಸ್ ಪೀಸೊಂದನ್ನು ಹಿಡಿದುಕೊಂಡು ಹೋದೆ. ಅಳತೆ ಕೊಟ್ಟೆ. ಆಮೇಲೆ ಹೇಳಿದೆ, ಆ ಸೊನ್ನೆ ನಾನು ಬರೆದದ್ದು, ಅವಳಿಗೆ ಬಂದದ್ದಲ್ಲ ಎಂದು. ಅವಳು ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದಳು.

"ಅಮ್ಮ ಎದ್ದಿದ್ದು ಗೊತ್ತು ಮಿಸ್. ಇಲ್ಲೇ ಕಲೆ ಇದೆ ನೋಡಿ. ಅದು ಪರೀಕ್ಷೆ ಟೈಮಲ್ಲೇನಾ?"

"ಪರೀಕ್ಷೆ ಟೈಮಲ್ಲೇ ಕಣಮ್ಮ. ಲೆಕ್ಕದ ದಿನ."

"ಹಂಗಾದ್ರೆ ಆ ಪರೀಕ್ಷೆ ನಾನು ಬರ್ದೇ ಇಲ್ವಾ?"

"ಬರೆದೇ ಇಲ್ಲ."

ಅವಳು ಸ್ವಲ್ಪ ಹೊತ್ತು ನನ್ನ ಬ್ಲೌಸ್ ಪೀಸನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಒಳಗಿದ್ದ ಮಗಳನ್ನು ಕರೆಯಲು ತಿರುಗಿದವಳು ಕರೆಯದೆ ಸುಮ್ಮನಾದಳು. ಗೋಡೆಯ ಕ್ಯಾಲೆಂಡರು ನೋಡಿ, "ಶನಿವಾರ ಕೊಡ್ತೀನಿ ಮಿಸ್" ಎಂದು, ಬಳಪದ ಚೂರು ಎತ್ತಿಕೊಂಡು ಕೂಲಿ, ಲೈನಿಂಗು, ಹುಕ್ಕು ಎಲ್ಲ ಸೇರಿಸಿ ಎಷ್ಟಾಯಿತೆಂದು ಮೇಜಿನ ಮೇಲೆ ತಾನೇ ಬರೆಯತೊಡಗಿದಳು.